ರಾಟೆ ರಸ್ತೆಯ ಉಕ್ಕು

1939ರ ನವೆಂಬರ್ 30ರಂದು ಸೋವಿಯತ್ ಸೈನ್ಯ ಗಡಿ ದಾಟಿದಾಗ ಫಿನ್ಲೆಂಡಿನ ಬಳಿ ಟ್ಯಾಂಕುಗಳು ಇದ್ದೂ ಇಲ್ಲದಂತಿದ್ದವು. ಮೊದಲ ಮಹಾಯುದ್ಧದ ಕಾಲದ ರೆನೋ ಟ್ಯಾಂಕುಗಳು ಒಂದಷ್ಟಿದ್ದವು. ಇಂಗ್ಲೆಂಡಿನ ವಿಕರ್ಸ್ ಕಂಪನಿಗೆ ಹೇಳಿ ಮಾಡಿಸಿದ್ದ ಆರು ಟನ್ನಿನ ಹೊಸ ಟ್ಯಾಂಕುಗಳು ಒಂದೊಂದಾಗಿ ಬರುತ್ತಿದ್ದವು, ಅವೂ ತೋಪಿಲ್ಲದ ಬರಿಯ ಮೈಯಲ್ಲಿ. ಟ್ಯಾಂಕು ಒಡೆಯುವ ತೋಪುಗಳು ಸಾಲುತ್ತಿರಲಿಲ್ಲ, ಫಿರಂಗಿ ಗುಂಡುಗಳನ್ನು ಎಣಿಸಿ ಹಾರಿಸಬೇಕಿತ್ತು. ನೂರೈದು ದಿನ ನಡೆದ ಆ ಚಳಿಗಾಲದ ಯುದ್ಧ 1940ರ ಮಾರ್ಚ್ 13ರಂದು ನಿಂತಾಗ ಫಿನ್ಲೆಂಡ್ ಸುಮಾರು ಇಪ್ಪತ್ತಾರು ಸಾವಿರ ಮಂದಿಯನ್ನೂ ಕರೇಲಿಯಾ ಪ್ರಾಂತ್ಯದ ಬಹುಭಾಗವನ್ನೂ ಕಳೆದುಕೊಂಡಿತ್ತು. ಆದರೆ ಅದರ ಬಳಿ ಯುದ್ಧಕ್ಕೆ ಮೊದಲು ಇದ್ದುದಕ್ಕಿಂತ ಹೆಚ್ಚು ಟ್ಯಾಂಕುಗಳಿದ್ದವು. ಹೆಚ್ಚಿಗೆ ಬಂದದ್ದೆಲ್ಲ ಶತ್ರುವಿನದು.

ಈ ಕಥೆಯ ಜಾಡು ಹಿಡಿದು ಹೊರಟವರಿಗೆ ಮೊದಲ ನಿಲುಗಡೆ ಹೆಲ್ಸಿಂಕಿಯ ಎದುರಿನ ದ್ವೀಪಕೋಟೆ ಸುಓಮೆನ್‌ಲಿನ್ನಾ. ಬಂದರಿನ ಮಾರುಕಟ್ಟೆ ಚೌಕದಲ್ಲಿ ಸಾಲ್ಮನ್ ಮೀನಿನ ಸಾರು ಮಾರುವ ಡೇರೆಗಳಿವೆ. ಹಾಲಿನ ಕೆನೆ, ಆಲೂಗಡ್ಡೆ, ಸಬ್ಬಸಿಗೆ ಸೊಪ್ಪು ಹಾಕಿದ ಸಾರು, ಜೊತೆಗೆ ರೈ ಧಾನ್ಯದ ಕಪ್ಪು ಬ್ರೆಡ್ಡು. ಖಾರವಿಲ್ಲದ ಊಟಕ್ಕೆ ನಮ್ಮ ಕಡೆಯ ನಾಲಿಗೆ ಮೊದಲು ತಕರಾರು ತೆಗೆದರೂ ಸಬ್ಬಸಿಗೆಯ ಪರಿಮಳಕ್ಕೆ ಬೇಗ ಒಗ್ಗುತ್ತದೆ. ಅಲ್ಲೇ ಪಕ್ಕದಿಂದ ದ್ವೀಪಕ್ಕೆ ಹಡಗು ಹೊರಡುತ್ತದೆ. ಕೋಟೆಯನ್ನು 1748ರಲ್ಲಿ ಕಟ್ಟಲು ಶುರುಮಾಡಿದವರು ಸ್ವೀಡನ್ನಿನವರು, ರಷ್ಯಾವನ್ನು ತಡೆಯಲು. 1808ರಲ್ಲಿ ಅದು ರಷ್ಯಾಕ್ಕೇ ಶರಣಾಯಿತು. ಮುಂದಿನ ನೂರಕ್ಕೂ ಹೆಚ್ಚು ವರ್ಷ ಅದರ ಫಿರಂಗಿಗಳು ರಷ್ಯಾದ ಪರವಾಗಿ ಸಮುದ್ರ ಕಾದವು. ಇಂದು ಆ ಗೋಡೆಗಳ ಮೇಲೆ ಕುಟುಂಬಗಳು ಬುತ್ತಿ ಬಿಚ್ಚಿ ಕೂರುತ್ತವೆ. ಒಳಗಿನ ಹಳೆಯ ಕವಾಯತು ಮನೆಯಲ್ಲಿ ಸೇನಾ ಸಂಗ್ರಹಾಲಯದ ಯುದ್ಧಕಾಲದ ವಸ್ತುಗಳಿವೆ.

ಅಲ್ಲಿ ಎಲ್ಲರ ಕಣ್ಣೂ ದೊಡ್ಡ ಫಿರಂಗಿಗಳ ಮೇಲೆ ಹೋಗುತ್ತದೆ. ಕಥೆಯ ಬೇರು ಇರುವುದು ಸಾಮಾನ್ಯ ರೈಫಲಿನಲ್ಲಿ. ಫಿನ್ ಸೈನಿಕನ ಕೈಯಲ್ಲಿದ್ದ ಮೋಸಿನ್-ನಗಾಂಟ್ ರೈಫಲಿನ ಮೂಲ ರಷ್ಯಾದ್ದು, 1891ರ ವಿನ್ಯಾಸ. 1809ರಿಂದ 1917ರವರೆಗೆ ಫಿನ್ಲೆಂಡ್ ತ್ಸಾರನ ಆಳ್ವಿಕೆಯಲ್ಲಿತ್ತು. ಸ್ವಾತಂತ್ರ್ಯ ಘೋಷಿಸಿಕೊಂಡ ಮರುವರ್ಷದ ಅಂತರ್ಯುದ್ಧ ಮುಗಿದಾಗ ರಷ್ಯಾದ ಸೈನ್ಯ ಬಿಟ್ಟುಹೋದ ರೈಫಲು, ಮ್ಯಾಕ್ಸಿಮ್ ಮೆಷಿನ್‌ಗನ್ನು, ಫಿರಂಗಿಗಳೇ ಹೊಸ ದೇಶದ ಆಯುಧಾಗಾರವಾದವು. ಫಿನ್ನರು ಆಮೇಲೆ ಎಷ್ಟೋ ಸುಧಾರಿತ ಮಾದರಿಗಳನ್ನು ತಂದರು, ನಳಿಗೆ, ಗುರಿಕಣ್ಣು, ಮರದ ಹಿಡಿ ಎಲ್ಲವನ್ನೂ ತಾವೇ ಮಾಡಿಕೊಂಡರು. ಆದರೆ ಬೋಲ್ಟು ಓಡಾಡುವ, ತೋಟಾ ಕೂರುವ ಆ ಉಕ್ಕಿನ ಕೋಶವನ್ನು ಮಾತ್ರ ಹೊಸದಾಗಿ ಮಾಡಲಿಲ್ಲ. ರಷ್ಯಾದ ಹಳೆಯ ರೈಫಲಿನಿಂದ ತೆಗೆದೇ ಬಳಸಿದರು. ಆದ್ದರಿಂದ ಒಂದೇ ರೈಫಲಿನ ಮೇಲೆ ತೂಲಾ ಅಥವಾ ಇಝೆವ್‌ಸ್ಕ್ ಕಾರ್ಖಾನೆಯ ಗುರುತನ್ನೂ, ಸಣ್ಣ ಚೌಕದೊಳಗೆ ಕೊರೆದ ‘ಎಸ್‌ಎ’ ಎಂಬ ಫಿನ್ ಸೈನ್ಯದ ಮುದ್ರೆಯನ್ನೂ ನೋಡಬಹುದು. 1980ರ ದಶಕದಲ್ಲಿ ಫಿನ್ ಸೈನ್ಯ ಗುರಿಕಾರರಿಗಾಗಿ ತಂದ ‘85’ ಮಾದರಿಯ ರೈಫಲೂ ಇದೇ ಹಳೆಯ ಕೋಶಗಳ ಮೇಲೆ ಕಟ್ಟಿದ್ದು.

ಹೀಗೆ ಎರಡೂ ಕಡೆಯವರ ರೈಫಲಿಗೆ ಒಂದೇ ತೋಟಾ ಕೂರುತ್ತಿತ್ತು. ಸತ್ತ ಶತ್ರುವಿನ ಸೊಂಟದ ಚೀಲದಿಂದ ತೆಗೆದ ತೋಟಾ ಮರುಕ್ಷಣವೇ ಕೆಲಸಕ್ಕೆ ಬರುತ್ತಿತ್ತು. 1939ರ ಮಾದರಿಯ ರೈಫಲು ರೂಪಿಸುವಾಗ ಫಿನ್ ತಜ್ಞರು ನಳಿಗೆಯ ಒಳವ್ಯಾಸವನ್ನು ಕೂದಲೆಳೆಯಷ್ಟು ಹಿಗ್ಗಿಸಿದರು. ಸೋವಿಯತ್ ಗುಂಡು ತುಸು ದಪ್ಪವಾಗಿದ್ದರೂ ಸಲೀಸಾಗಿ ಹಾಯಬೇಕೆಂದು. ಶತ್ರುವಿನ ಮದ್ದುಗುಂಡು ಕೈಗೆ ಬರುತ್ತದೆ ಎಂಬ ಎಣಿಕೆ ಕಾರ್ಖಾನೆಯ ನಕ್ಷೆಯೊಳಗೇ ಸೇರಿತ್ತು.

ಅದೇ ತೋಟಾ ನುಂಗುವ ಇನ್ನೊಂದು ಆಯುಧ ದೆಗ್ತ್ಯಾರೆವ್ ಹಗುರ ಮೆಷಿನ್‌ಗನ್. ನೆತ್ತಿಯ ಮೇಲೆ ತಟ್ಟೆಯಂತೆ ಮಲಗಿದ ಚಪ್ಪಟೆ ಮ್ಯಾಗಜೀನು, ಅದರೊಳಗೆ ವೃತ್ತಾಕಾರವಾಗಿ ಜೋಡಿಸಿದ 47 ತೋಟಾ. ಗುಂಡು ಹಾರಿದಂತೆಲ್ಲ ತಟ್ಟೆ ತಿರುಗುತ್ತದೆ. ಗ್ರಾಮಫೋನಿನ ತಟ್ಟೆಯನ್ನು ನೆನಪಿಸುವ ಇದಕ್ಕೆ ಫಿನ್ ಸೈನಿಕರು ಆ ಕಾಲದ ಜನಪ್ರಿಯ ವಾಲ್ಟ್ಸ್ ಹಾಡೊಂದರ ಹೆಸರನ್ನೇ ಇಟ್ಟರು ಎನ್ನುತ್ತಾರೆ: ‘ಎಮ್ಮಾ’. ಫಿನ್ನರದೇ ಆದ ಲಾಹ್ತಿ-ಸಲೊರಾಂಟಾ ಗನ್ನಿಗೆ ಗುರಿ ಚೆನ್ನಾಗಿತ್ತು. ಆದರೆ ಬಿಡಿಭಾಗಗಳು ನಾಜೂಕು, ಹೊಂದಿಕೆ ಬಿಗಿ. ಕೊರೆಯುವ ಚಳಿಯಲ್ಲಿ ಎಣ್ಣೆ ಗಟ್ಟಿಯಾಗಿ ಸಿಕ್ಕಿಹಾಕಿಕೊಳ್ಳುತ್ತಿತ್ತು, ಮ್ಯಾಗಜೀನಿನಲ್ಲಿ ಹಿಡಿಸುತ್ತಿದ್ದುದು ಬರೀ ಇಪ್ಪತ್ತು ತೋಟಾ. ಎಮ್ಮಾ ಒರಟು, ಸರಳ, ನೆಚ್ಚಬಹುದಾದದ್ದು. ಸಾವಿರಾರು ಸಂಖ್ಯೆಯಲ್ಲಿ ಕೈಗೆ ಬಂದ ಈ ಗನ್ನು 1941ರಲ್ಲಿ ಸೋವಿಯತ್ ವಿರುದ್ಧ ಮತ್ತೆ ಶುರುವಾದ ಯುದ್ಧದಲ್ಲಿ ಫಿನ್ ತುಕಡಿಗಳ ಮಾಮೂಲಿ ಆಯುಧವಾಯಿತು. ಸರ್ಕಾರ ಕೊಟ್ಟಿದ್ದಕ್ಕಿಂತ ಕಸಿದು ತಂದದ್ದನ್ನೇ ಸೈನಿಕ ಹೆಚ್ಚು ನಂಬಿದ ಎಂಬುದು ಸಣ್ಣ ಮಾತಲ್ಲ.

ಹೆಲ್ಸಿಂಕಿಯಿಂದ ಟಾಂಪೆರೆ ಕಡೆ ಹೋಗುವ ರೈಲು ಹಾಮೆನ್‌ಲಿನ್ನಾ ದಾಟಿದ ಕೂಡಲೇ ಪರೋಲಾ ಬರುತ್ತದೆ. ಬರ್ಚ್ ಮರಗಳ ನಡುವಿನ ಚಿಕ್ಕ ಊರು, ಪಕ್ಕದಲ್ಲೇ ಟ್ಯಾಂಕು ಪಡೆಯ ಠಾಣ್ಯ. 1961ರಲ್ಲಿ ತೆರೆದ ಇಲ್ಲಿನ ಟ್ಯಾಂಕು ಸಂಗ್ರಹಾಲಯ ಗುಡ್ಡದ ಇಳಿಜಾರಿನಲ್ಲಿ ಹರಡಿಕೊಂಡಿದೆ. ಸೈನಿಕರಿಗಾಗಿ ನಡೆಸುವ ಕ್ಯಾಂಟೀನುಗಳ ಸಕ್ಕರೆ ಹೊರಳಿಸಿದ ಕರಿದ ಬನ್ನು ಫಿನ್ಲೆಂಡಿನಲ್ಲಿ ಹೆಸರುವಾಸಿ. ಸೈನ್ಯಕ್ಕೆ ಹೋಗಿಬಂದ ಪ್ರತಿಯೊಬ್ಬ ಗಂಡಸೂ ಅದರ ರುಚಿ ನೆನೆಯುತ್ತಾನೆ. ಗಂಡುಮಕ್ಕಳಿಗೆ ಸೈನಿಕ ತರಬೇತಿ ಇಂದಿಗೂ ಕಡ್ಡಾಯವಾಗಿರುವ ದೇಶ ಅದು. ಹಾಗಾಗಿ ಅಲ್ಲಿ ಮೊಮ್ಮಗನ ಕೈಹಿಡಿದು ಬರುವ ತಾತ ಟ್ಯಾಂಕಿನ ಮುಂದೆ ನಿಂತು ಹೇಳುವುದು ಪುಸ್ತಕದ ವಿವರವನ್ನಲ್ಲ; ತಾನು ಓಡಿಸಿದ, ತಾನು ಬಿಚ್ಚಿ ಜೋಡಿಸಿದ ಯಂತ್ರದ ಸಂಗತಿಯನ್ನು.

ಪರೋಲಾದ ಟ್ಯಾಂಕುಗಳನ್ನು ಹತ್ತಿರದಿಂದ ನೋಡಿದರೆ ತೋಟಾದ ಕಥೆಯೇ ದೊಡ್ಡ ಅಳತೆಯಲ್ಲಿ ಕಾಣುತ್ತದೆ. ಸೋವಿಯತ್ ಸೈನ್ಯದ ಟಿ-26 ಟ್ಯಾಂಕು ಹುಟ್ಟಿದ್ದು ವಿಕರ್ಸ್ ಕಂಪನಿಯಿಂದ ಪರವಾನಗಿ ಕೊಂಡು ಬೆಳೆಸಿದ ವಿನ್ಯಾಸದಿಂದ. ಫಿನ್ನರು ತರಿಸಿದ್ದೂ ಅದೇ ವಿಕರ್ಸ್ ಟ್ಯಾಂಕು. ಒಂದೇ ತಾಯಿಯ ಎರಡು ಮಕ್ಕಳು ಎದುರುಬದುರು ನಿಂತಂತಾಯಿತು. 1940ರ ಫೆಬ್ರವರಿ 26ರಂದು ಹೊಂಕನಿಯೆಮಿಯಲ್ಲಿ ಫಿನ್ ವಿಕರ್ಸುಗಳು ಆ ಯುದ್ಧದಲ್ಲೇ ಮೊದಲ ಸಲ ಟ್ಯಾಂಕುಗಳಿಗೆ ಎದುರಾಗಿ ಕಾದಾಡಿ ಸೋತವು. ಉಳಿದವನ್ನು ಆಮೇಲೆ ರಿಪೇರಿ ಮಾಡಿ ಅವುಗಳಿಗೆ ಕೈವಶವಾದ ಸೋವಿಯತ್ 45 ಮಿಲಿಮೀಟರ್ ತೋಪನ್ನು ಕೂರಿಸಿದರು. ಟಿ-26ಇ ಎಂಬ ಹೆಸರಿನ ಆ ಟ್ಯಾಂಕಿನ ಮೈ ಇಂಗ್ಲೆಂಡಿನದು, ತೋಪು ರಷ್ಯಾದ್ದು, ಒಳಗೆ ಕೂತವರು ಫಿನ್ನರು. ಕಸಿದ ಟಿ-26ಗಳೂ ಇವೂ ಸೇರಿ 1944ರ ಹೊತ್ತಿಗೆ ಒಟ್ಟು ನೂರರ ಆಸುಪಾಸು ಇದ್ದವು. ಬಿಡಿಭಾಗಗಳು ಒಂದಕ್ಕೊಂದು ಒದಗಿಬರುತ್ತಿದ್ದುದರಿಂದಲೇ ಅಷ್ಟನ್ನು ಓಡಿಸುವುದು ಸಾಧ್ಯವಾಯಿತು.

ಎಲ್ಲ ಕೂಡಿಕೆಯೂ ಫಲಿಸಲಿಲ್ಲ. ಸಂಗ್ರಹಾಲಯದಲ್ಲಿರುವ ಬಿಟಿ-42 ಅದಕ್ಕೆ ಸಾಕ್ಷಿ. ಕಸಿದು ತಂದ ಬಿಟಿ-7 ಎಂಬ ವೇಗದ ಟ್ಯಾಂಕಿನ ಮೇಲೆ ಫಿನ್ನರು ಎತ್ತರದ ಪೆಟ್ಟಿಗೆಯಂಥ ಗೋಪುರ ಕಟ್ಟಿ, ಬ್ರಿಟನ್ನಿನಿಂದ ಬಂದಿದ್ದ ಮೊದಲ ಮಹಾಯುದ್ಧದ ಕಾಲದ 114 ಮಿಲಿಮೀಟರ್ ಹೊವಿಟ್ಜರನ್ನು ಅದರೊಳಗೆ ತೂರಿಸಿದರು. ಇಂಥವು 18 ತಯಾರಾದವು. ಚಿಕ್ಕ ಮೈ ಮೇಲೆ ದೊಡ್ಡ ತಲೆ. ಗುಂಡನ್ನೂ ಮದ್ದನ್ನೂ ಬೇರೆಬೇರೆಯಾಗಿ ತುಂಬಬೇಕು. ಒಳಗೆ ಮೂವರಿಗೆ ಉಸಿರಾಡಲೂ ಇಕ್ಕಟ್ಟು. 1944ರ ಜೂನ್‌ನಲ್ಲಿ ವೀಪುರಿ ನಗರದ ಬಳಿ ಇವು ಟಿ-34ಗಳ ಎದುರು ನಿಲ್ಲಲಾರದೆ ಹೋದವು. ಹುಡುಗರನ್ನು ಅದರೊಳಗೆ ಕೂರಿಸಿ ಕಳಿಸಿದ್ದನ್ನು ನೆನೆದರೆ ಸಂಕಟವಾಗುತ್ತದೆ. ಉಳಿದಿರುವ ಒಂದೇ ಒಂದು ಬಿಟಿ-42 ಪರೋಲಾದಲ್ಲಿದೆ.

ಸೈನಿಕರು ಈ ಯಂತ್ರಗಳಿಗೆ ಹೆಸರಿಟ್ಟ ಬಗೆ ಮನಸ್ಸಿಗೆ ಹತ್ತಿರವಾಗುತ್ತದೆ. ಟಿ-34 ಅವರ ಬಾಯಲ್ಲಿ ‘ಸೊತ್ಕಾ’, ಕೆರೆಯ ಒಂದು ಬಾತುಕೋಳಿ. ಕ್ಲಿಮ್ ವೊರೊಶಿಲೊವ್ ಎಂಬ ಸೋವಿಯತ್ ಸೇನಾನಿಯ ಹೆಸರು ಹೊತ್ತ ಕೆವಿ-1 ‘ಕ್ಲಿಮಿ’. ಮೂರು ಗೋಪುರದ ಟಿ-28 ‘ಅಂಚೆ ಗಾಡಿ’. ಮನೆಯಂಗಳದ ಪ್ರಾಣಿಗಳನ್ನು ಕರೆಯುವಂತೆ ಕರೆದು, ನಿನ್ನೆಯವರೆಗೆ ಕೊಲ್ಲಲು ಬಂದದ್ದನ್ನು ತಮ್ಮದಾಗಿಸಿಕೊಂಡರು.

ಹೆಸರಿಟ್ಟರೆ ಸಾಲದು, ಬಣ್ಣವನ್ನೂ ಬಳಿಯಬೇಕಿತ್ತು. ಟ್ಯಾಂಕು ಕಂಡರೆ ಶತ್ರುವೇ ಎಂದು ಕಲಿತಿದ್ದ ಫಿನ್ ಕಾಲಾಳು ತನ್ನವರ ಮೇಲೇ ಗುಂಡು ಹಾರಿಸುವ ಅಪಾಯವಿತ್ತು. ಇನ್ನೊಂದು ಕಾರಣ ಕಾನೂನಿನದು. ರಣರಂಗದಲ್ಲಿ ಕೈವಶವಾದ ಶತ್ರು ಸೈನ್ಯದ ಆಯುಧ ಗೆದ್ದ ದೇಶದ ಸ್ವತ್ತು, ಅದನ್ನು ಬಳಸುವುದು ತಪ್ಪಲ್ಲ. ಆದರೆ ಶತ್ರುವಿನ ಬಾವುಟ, ಲಾಂಛನ, ಸಮವಸ್ತ್ರಗಳನ್ನು ವಂಚನೆಗಾಗಿ ಬಳಸುವಂತಿಲ್ಲ ಎಂದು 1907ರ ಹೇಗ್ ನಿಯಮಗಳು ಹೇಳುತ್ತವೆ. ಚಳಿಗಾಲದ ಯುದ್ಧದಲ್ಲಿ ಗೋಪುರದ ಸುತ್ತ ಬಿಳಿ-ನೀಲಿ ಪಟ್ಟಿ ಬಳಿದರು. 1941ರಿಂದ ಬಳಿದದ್ದು ಸ್ವಸ್ತಿಕ. ನಮ್ಮ ಹೊಸ್ತಿಲ ಮೇಲೆ, ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಕಂಡು ಬೆಳೆದ ಗುರುತನ್ನು ಟ್ಯಾಂಕಿನ ಪಕ್ಕೆಯ ಮೇಲೆ ನೋಡಿ ಕನ್ನಡದ ಪ್ರವಾಸಿ ಬೆಚ್ಚಿ ನಿಲ್ಲುವುದು ಸಹಜ. ಫಿನ್ಲೆಂಡಿನಲ್ಲಿ ಅದು ಹಿಟ್ಲರನ ಪಕ್ಷದಿಂದ ಬಂದದ್ದಲ್ಲ. ಸ್ವೀಡನ್ನಿನ ಎರಿಕ್ ಫಾನ್ ರೋಸೆನ್ 1918ರಲ್ಲಿ ಫಿನ್ ಸೈನ್ಯಕ್ಕೆ ಕೊಡುಗೆಯಾಗಿ ಕೊಟ್ಟ ವಿಮಾನದ ಮೇಲೆ ಅವನ ಅದೃಷ್ಟದ ಗುರುತಾಗಿ ಇದ್ದದ್ದು ಹಾಗೇ ವಾಯುಪಡೆಯ ಲಾಂಛನವಾಯಿತು. ಆದರೆ 1941ರ ನಂತರದ ಆ ವರ್ಷಗಳಲ್ಲಿ ಫಿನ್ಲೆಂಡ್ ಜರ್ಮನಿಯ ಜೊತೆ ನಿಂತು ಕಾದಿತ್ತೆಂಬುದೂ ನಿಜ. ಎರಡನ್ನೂ ಒಟ್ಟಿಗೇ ನೆನಪಿಡಬೇಕಾಗುತ್ತದೆ.

ಭಾರತದಲ್ಲಿ ಶತ್ರುವಿನ ಟ್ಯಾಂಕು ಎಂದರೆ ಕಟ್ಟೆಯ ಮೇಲೆ ನಿಲ್ಲಿಸಿದ ಪ್ಯಾಟನ್. 1965ರ ಸೆಪ್ಟೆಂಬರಿನಲ್ಲಿ ಖೇಮ್‌ಕರಣ್ ಬಳಿಯ ಅಸಲ್ ಉತ್ತರದಲ್ಲಿ ಪಾಕಿಸ್ತಾನದ ಪ್ಯಾಟನ್ ಟ್ಯಾಂಕುಗಳು ಕಬ್ಬಿನ ಗದ್ದೆಗಳ ಕೆಸರಿನಲ್ಲಿ ಹೂತು, ಸುಟ್ಟು, ಸಿಕ್ಕಿಬಿದ್ದವು. ಅವನ್ನು ಸಾಲಾಗಿ ನಿಲ್ಲಿಸಿದ ಜಾಗಕ್ಕೆ ಪ್ಯಾಟನ್ ನಗರ ಎಂದೇ ಹೆಸರು ಬಿತ್ತು; ಹಲವು ಊರುಗಳಿಗೆ, ದಂಡುಪ್ರದೇಶಗಳಿಗೆ ವಿಜಯದ ಗುರುತಾಗಿ ಅವು ಹೋದವು. ಅವುಗಳ 90 ಮಿಲಿಮೀಟರ್ ತೋಪಿನ ಗುಂಡು ಅಮೆರಿಕದ್ದು, ಬಿಡಿಭಾಗವೂ ಅಮೆರಿಕದ್ದು; ಯುದ್ಧ ಶುರುವಾದೊಡನೆ ಅಮೆರಿಕ ಎರಡೂ ದೇಶಗಳಿಗೆ ಆಯುಧ ನಿಲ್ಲಿಸಿತ್ತು. ಭಾರತದ ಟ್ಯಾಂಕು ಪಡೆ ಬ್ರಿಟಿಷ್ ಸೆಂಚುರಿಯನ್ ಸುತ್ತ ಬೆಳೆದಿತ್ತು. ಹಾಗಾಗಿ ಪ್ಯಾಟನ್ ನಮಗೆ ಸ್ಮಾರಕವಾಯಿತು, ಟಿ-26 ಫಿನ್ನರಿಗೆ ಉಪಕರಣವಾಯಿತು. ಕಸಿದ ಆಯುಧ ಬಳಕೆಗೆ ಬರುವುದು ಕಸಿದವನ ಧೈರ್ಯದಿಂದಲ್ಲ. ಅದಕ್ಕೆ ಹೊಂದುವ ಗುಂಡು, ಅದನ್ನು ಅರಿತ ಕೈ, ಹಿಂದೆ ನಿಂತ ಕಾರ್ಖಾನೆ ಬೇಕು. ಯುದ್ಧದ ಕಥೆ ಹೇಳುವವರು ಮೊದಲನೆಯದನ್ನೇ ಹಾಡಿ ಹೊಗಳಿ ಉಳಿದ ಮೂರನ್ನು ಮರೆಯುತ್ತಾರೆ.

ಫಿನ್ನರ ಹಿಂದೆ ನಿಂತ ಆ ಕಾರ್ಖಾನೆ ಇದ್ದ ಊರು ವಾರ್ಕೌಸ್. ಸೈಮಾ ಸರೋವರದ ನೀರಿನ ನಡುವೆ ಕಾಗದದ ಗಿರಣಿಗಳು, ಇಟ್ಟಿಗೆಯ ಚಿಮಣಿಗಳು. ರಸ್ತೆ ಎತ್ತ ಹೋದರೂ ನೀರಿಗೆ ಮುಟ್ಟುತ್ತದೆ. ಕಾಡು ಕಡಿದು ಕಾಗದ ಮಾಡಲೆಂದು ಬೆಳೆದ ಈ ಊರಿನ ಲೇತು, ಎರಕದ ಮನೆ, ನುರಿತ ಫಿಟ್ಟರುಗಳ ಬಳಿಗೆ ರಣರಂಗದಿಂದ ಎಳೆದು ತಂದ ಟ್ಯಾಂಕುಗಳು ಬಂದವು. ಮೂರು ಕೆಟ್ಟವುಗಳಿಂದ ಒಂದು ಓಡುವುದನ್ನು ಮಾಡುವುದು, ಕೈಪಿಡಿಯಿಲ್ಲದ ಗೇರುಪೆಟ್ಟಿಗೆಯ ಗುಟ್ಟು ಬಿಡಿಸುವುದು, ತೂತು ಬಿದ್ದ ಕವಚಕ್ಕೆ ಬೆಸುಗೆ ಹಾಕುವುದು ಅಲ್ಲಿನ ನಿತ್ಯದ ಕೆಲಸ. ಒಳಗಿನ ರಕ್ತ ತೊಳೆಯುವ ಕೆಲಸವೂ ಯಾರಾದರೊಬ್ಬರ ಪಾಲಿಗೆ ಬಂದೇ ಇರಬೇಕು. ಅದರ ಬಗ್ಗೆ ಫಲಕಗಳು ಏನೂ ಹೇಳುವುದಿಲ್ಲ.

ವಿಮಾನಗಳಿಗೂ ಇದೇ ಪಾಡು. ಕೆಳಗಿಳಿಸಿದ ಸೋವಿಯತ್ ಎಸ್‌ಬಿ ಬಾಂಬರುಗಳನ್ನು ದುರಸ್ತಿ ಮಾಡಿ ಜಲಾಂತರ್ಗಾಮಿಗಳ ಬೇಟೆಗೆ ಹಾರಿಸಿದರು. ಸೊಗಸಾದ ಉದಾಹರಣೆ ಮೋರ್ಕೋ-ಮೊರಾನ್. ಫ್ರಾನ್ಸಿನ ಮೊರಾನ್ ಯುದ್ಧವಿಮಾನದ ಹಿಸ್ಪಾನೊ-ಸುಯಿಜಾ ಎಂಜಿನ್ನಿಗೆ ಶಕ್ತಿ ಸಾಲದೆ ಬಂದಾಗ, ಜರ್ಮನರು ಸೋವಿಯತ್ತಿನಿಂದ ಕಸಿದಿದ್ದ ಕ್ಲಿಮೊವ್ ಎಂಜಿನ್ನುಗಳನ್ನು ಫಿನ್ನರು ಕೊಂಡು ಕೂರಿಸಿದರು. ಕ್ಲಿಮೊವ್ ಬೆಳೆದದ್ದೇ ಹಿಸ್ಪಾನೊ-ಸುಯಿಜಾದ ಪರವಾನಗಿಯಿಂದ, ಹಾಗಾಗಿ ಹೆಚ್ಚು ರಗಳೆಯಿಲ್ಲದೆ ಹೊಂದಿಕೊಂಡಿತು. ಇಲ್ಲೂ ಮತ್ತೆ ರಕ್ತಸಂಬಂಧವೇ.

ವಾರ್ಕೌಸ್ ಹಾದುಹೋಗುವ ಐದನೇ ಹೆದ್ದಾರಿಯೇ ಉತ್ತರಕ್ಕೆ ಕುಓಪಿಯೊ, ಕಾಯಾನಿ ದಾಟಿ ಸುಓಮುಸ್‌ಸಾಲ್ಮಿಗೆ ಮುಟ್ಟಿಸುತ್ತದೆ. ಊರುಗಳು ವಿರಳವಾಗುತ್ತ ಹೋಗುತ್ತವೆ. ಸ್ಪ್ರೂಸ್, ಪೈನ್, ಜೌಗು, ಕೆರೆ, ಮತ್ತೆ ಪೈನ್. ಮಲೆನಾಡಿನ ಕಾಡಿನಂತೆ ನೂರು ಬಗೆಯ ಹಸಿರು ಇಲ್ಲಿಲ್ಲ. ಒಂದೇ ಹಸಿರು ಗಂಟೆಗಟ್ಟಲೆ ನಡೆಯುತ್ತದೆ. ಸುಓಮುಸ್‌ಸಾಲ್ಮಿಯ ಉತ್ತರಕ್ಕೆ ರಸ್ತೆಯ ಪಕ್ಕದ ಬಯಲಿನಲ್ಲಿ ಸುಮಾರು ಸಾವಿರ ಬೆರ್ಚಪ್ಪಗಳು ನಿಂತಿವೆ. ತಲೆಗೆ ಹುಲ್ಲುಹೆಂಟೆ, ಮೈಗೆ ಜನ ಕೊಟ್ಟ ಹಳೆಯ ಬಟ್ಟೆ. ನೃತ್ಯಗಾರ ರೇಯೊ ಕೆಲಾ ರೂಪಿಸಿದ ‘ಮೌನದ ಜನ’ ಇದು. ಅರ್ಥವನ್ನು ಆತ ನೋಡುವವರಿಗೇ ಬಿಟ್ಟಿದ್ದಾನೆ. ಪಕ್ಕದ ಬಯಲು ಹೋಟೆಲಿನಲ್ಲಿ ಸೌದೆ ಒಲೆಯ ಮೇಲೆ ಹುಯ್ದ ತೆಳು ಪ್ಯಾನ್‌ಕೇಕು, ಮೇಲೆ ಹಣ್ಣಿನ ಜ್ಯಾಮು. ಗಾಳಿ ಬೀಸಿದರೆ ಸಾವಿರ ಅಂಗಿಗಳು ಒಟ್ಟಿಗೆ ಅಲುಗುತ್ತವೆ. ಯುದ್ಧಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ತಿಳಿದಿದ್ದರೂ ಮುಂದೆ ಹೋಗಬೇಕಾದ ಜಾಗವೇ ಕಣ್ಣಿಗೆ ಕಟ್ಟುತ್ತದೆ.

ಆ ಜಾಗ ರಾಟೆ ರಸ್ತೆ. ಸುಓಮುಸ್‌ಸಾಲ್ಮಿಯಿಂದ ಪೂರ್ವಕ್ಕೆ ಗಡಿಯತ್ತ ಹೋಗುವ ಕಾಡುದಾರಿ. 1939ರ ಡಿಸೆಂಬರಿನಲ್ಲಿ ಸೋವಿಯತ್ತಿನ 163ನೇ ಡಿವಿಷನ್ ಸುಓಮುಸ್‌ಸಾಲ್ಮಿ ಹಳ್ಳಿಯಲ್ಲಿ ಸಿಕ್ಕಿಕೊಂಡಾಗ ಅದರ ನೆರವಿಗೆ 44ನೇ ಡಿವಿಷನ್ ಇದೇ ದಾರಿಯಲ್ಲಿ ಬಂತು. ಅದರಲ್ಲಿ ಹೆಚ್ಚಿನವರು ಉಕ್ರೇನಿನ ಬಯಲುಸೀಮೆಯ ಹುಡುಗರು. ದಾರಿ ಒಂದು ಲಾರಿಯ ಅಗಲ, ಎರಡೂ ಕಡೆ ಸೊಂಟದವರೆಗೆ ಹಿಮ, ಚಳಿ ಸೊನ್ನೆಗಿಂತ ಮೂವತ್ತು ಡಿಗ್ರಿಗೂ ಕೆಳಗೆ. ಟ್ಯಾಂಕು, ಲಾರಿ, ಕುದುರೆಗಾಡಿ ಎಲ್ಲವೂ ದಾರಿಗುಂಟ ಮೈಲಿಗಟ್ಟಲೆ ಸಾಲುನಿಂತವು. ಕರ್ನಲ್ ಯಾಲ್ಮರ್ ಸೀಲಾಸ್‌ವುಓ ಅವರ ಪಡೆ ಕಾಡಿನೊಳಗೆ ಸ್ಕೀ ದಾರಿ ಮಾಡಿಕೊಂಡು ಬಂದು ಆ ಸಾಲನ್ನು ತುಂಡುತುಂಡು ಮಾಡಿತು. ಮೊದಲು ಹೊಡೆದದ್ದು ಬಿಸಿ ಅಡುಗೆಯ ಗಾಡಿಗಳನ್ನು. ಫಿನ್ನರು ಒಲೆ ಹಚ್ಚಿದ ಡೇರೆಗಳಲ್ಲಿ ಸರದಿಯ ಮೇಲೆ ನಿದ್ದೆ ಮಾಡುತ್ತಿದ್ದರು. ದಾರಿಯ ಮೇಲಿನವರು ಹಸಿದು, ಸೆಡೆತು, ಕೂತಲ್ಲೇ ಹೆಪ್ಪುಗಟ್ಟಿದರು. 1940ರ ಜನವರಿ 7ರ ಹೊತ್ತಿಗೆ ಎಲ್ಲ ಮುಗಿದಿತ್ತು. ತಪ್ಪಿಸಿಕೊಂಡು ಗಡಿ ದಾಟಿದ ದಳಪತಿ ವಿನೊಗ್ರಾದೊವ್‌ನನ್ನು ಅವನ ಕಡೆಯವರೇ ಉಳಿದ ಸೈನಿಕರೆದುರು ನಿಲ್ಲಿಸಿ ಗುಂಡಿಕ್ಕಿದರು.

ದಾರಿಯಲ್ಲಿ ಉಳಿದದ್ದು ನಲವತ್ತಕ್ಕೂ ಹೆಚ್ಚು ಟ್ಯಾಂಕು, ಎಪ್ಪತ್ತರಷ್ಟು ಫಿರಂಗಿ, ನೂರಾರು ಲಾರಿ, ಸಾವಿರಕ್ಕೂ ಮಿಕ್ಕ ಕುದುರೆಗಳು. ಫಿನ್ನರ ಕೈಗೆ ಅತಿ ಬೆಲೆಯದ್ದಾಗಿ ಬಂದದ್ದು ಟ್ಯಾಂಕು ಒಡೆಯುವ ತೋಪುಗಳು, ಮೂವತ್ತರಷ್ಟು. ಬಡ ಸೈನ್ಯಕ್ಕೆ ಅದು ಸಿರಿ. ಹಿಮದಿಂದ ಅಗೆದು ತೆಗೆದ ಒಂದೊಂದಕ್ಕೂ ಎಣಿಕೆಯ ಚೀಟಿ ಹಚ್ಚಿ ಹಿಂದಕ್ಕೆ ಸಾಗಿಸಿದರು.

ದಾರಿಯ ಮೊದಲಲ್ಲಿ ‘ರಾಟೆ ಬಾಗಿಲು’ ಎಂಬ ಸಂಗ್ರಹಾಲಯವಿದೆ. ಅದರೆದುರಿಗೆ 2003ರಲ್ಲಿ ನಿಲ್ಲಿಸಿದ ಸ್ಮಾರಕದಲ್ಲಿ ಯುದ್ಧದ ದಿನಕ್ಕೊಂದರಂತೆ 105 ಗಂಟೆಗಳು. ಸುತ್ತಲ ಬಯಲಿನ ತುಂಬ ಸಾವಿರಾರು ಬಂಡೆಗಲ್ಲುಗಳು, ಸತ್ತವರ ಲೆಕ್ಕದಲ್ಲಿ. ಫಿನ್ನರ ಕಲ್ಲು ಯಾವುದು, ಶತ್ರುವಿನ ಕಲ್ಲು ಯಾವುದು ಎಂಬ ಭೇದವಿಲ್ಲ. ಪರೋಲಾದಲ್ಲಿ ಯಂತ್ರಗಳ ಚಾತುರ್ಯಕ್ಕೆ ತಲೆದೂಗಿದವರಿಗೆ ಇಲ್ಲಿ ಆ ಯಂತ್ರಗಳು ಎಲ್ಲಿಂದ ಬಂದವೆಂದು ಗೊತ್ತಾಗುತ್ತದೆ. ಊರಿಗೆ ಮರಳಿದ ಮೇಲೂ ಕಾಡುವುದು ಇದೇ: ಎಮ್ಮಾ ಗನ್ನನ್ನು ನೆಚ್ಚಿಕೊಂಡ ಫಿನ್ ಹುಡುಗನಿಗೆ ಅದನ್ನು ಒಪ್ಪಿಸಿ ಹೋದವನು ಅವನ ವಯಸ್ಸಿನವನೇ, ಬಹುಶಃ ಅವನಂತೆಯೇ ರೈತನ ಮಗ.

ಶ್ರೀರಂಗಪಟ್ಟಣ ಕಂಡವರಿಗೆ ಇಂಥ ಇನ್ನೊಂದು ಕಥೆ ನೆನಪಾಗದೆ ಇರದು. 1799ರಲ್ಲಿ ಕೋಟೆ ಬಿದ್ದಾಗ ಟಿಪ್ಪುವಿನ ಕಬ್ಬಿಣದ ಕೊಳವೆಯ ರಾಕೆಟ್ಟುಗಳು ಬ್ರಿಟಿಷರ ಕೈಸೇರಿ ಇಂಗ್ಲೆಂಡಿನ ವೂಲ್ವಿಚ್ ಆಯುಧಾಗಾರಕ್ಕೆ ಹೋದವು. ವಿಲಿಯಂ ಕಾಂಗ್ರೀವ್ ಅವುಗಳ ಜಾಡಿನಲ್ಲೇ ತನ್ನ ರಾಕೆಟ್ಟುಗಳನ್ನು ಮಾಡಿದ. 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ ಬ್ರಿಟಿಷರು ಅವನ್ನು ಸುರಿದರು. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರ ಎಂಬ ಊರಿನ ಪಾಳುಬಾವಿಯೊಂದರಿಂದ ಅಂಥ ಸಾವಿರ ರಾಕೆಟ್ಟುಗಳ ಕೊಳವೆಗಳು ಕೆಸರಿನೊಂದಿಗೆ ಮೇಲೆ ಬಂದವು. ಫಿನ್ನರು ಶತ್ರುವಿನ ಆಯುಧವನ್ನು ಹಾಗೇ ಎತ್ತಿಕೊಂಡು ಬಳಸಿದರು. ಬ್ರಿಟಿಷರು ಅದರ ವಿದ್ಯೆಯನ್ನು ಎತ್ತಿಕೊಂಡರು. ಮೈಸೂರಿನ ಮಟ್ಟಿಗೆ ಎರಡನೆಯದೇ ದೊಡ್ಡ ನಷ್ಟ.

1944ರ ಸೆಪ್ಟೆಂಬರಿನಲ್ಲಿ ಸೋವಿಯತ್ ಜೊತೆ ಕದನವಿರಾಮವಾದಾಗ ಅದರ ಷರತ್ತಿನಂತೆ ಫಿನ್ಲೆಂಡ್ ತನ್ನ ನೆಲದಲ್ಲಿದ್ದ ಜರ್ಮನ್ ಪಡೆಗಳನ್ನು ಹೊರದಬ್ಬಬೇಕಾಯಿತು. ಸೋವಿಯತ್ತಿನಿಂದ ಕಸಿದ ಟ್ಯಾಂಕುಗಳು ಲ್ಯಾಪ್‌ಲೆಂಡಿನ ದಾರಿಗಳಲ್ಲಿ ಜರ್ಮನರ ಬೆನ್ನುಹತ್ತಿದವು. ಅವುಗಳ ಪಕ್ಕೆಯ ಸ್ವಸ್ತಿಕ 1945ರಲ್ಲಿ ಅಳಿಸಿಹೋಗಿ ನೀಲಿ-ಬಿಳಿ ವೃತ್ತ ಬಂತು. ಕಸಿದ ಹೊವಿಟ್ಜರುಗಳಲ್ಲಿ ಕೆಲವು ಹೊಸ ನಳಿಗೆ ತೊಟ್ಟು 1980ರ ದಶಕವನ್ನೂ ದಾಟಿದವು. ಟಿ-34ಗಳು 1960ರ ದಶಕದ ಆರಂಭದವರೆಗೆ ಸೇವೆಯಲ್ಲಿದ್ದವು. ಅವುಗಳ ಜಾಗಕ್ಕೆ ಬಂದ ಟಿ-54ಗಳನ್ನೂ ಫಿನ್ಲೆಂಡ್ ಸೋವಿಯತ್ ಒಕ್ಕೂಟದಿಂದಲೇ ತರಿಸಿತು, ಈ ಸಲ ಹಣ ಕೊಟ್ಟು.